ನರಿ, ನಾಯಿ ಮತ್ತು ಲಾಡಿಹುಳು

ಬೆಳಗಾಗೆದ್ದು ನರಿಯ ಮುಖ ಕಂಡವನಿಗೆ ಆ ದಿನವೆಲ್ಲ ಶುಭವೆಂಬುದು ನಮ್ಮ ನಾಡಿನ ಹಳೆಯ ನಂಬಿಕೆ. ಎಣಿಸದೆ ಲಾಭ ಬಂದವನನ್ನು ಕಂಡರೆ ‘ಇವತ್ತು ನರಿಯ ಮುಖ ನೋಡಿ ಎದ್ದಿದ್ದೀಯೋ?’ ಎಂದು ಕೇಳುವುದು ಇಂದಿಗೂ ರೂಢಿಯಲ್ಲಿದೆ. ಇನ್ನೊಂದು ಕಡೆ, ಪಂಚತಂತ್ರದ ಕರಟಕ ದಮನಕರ ಕಾಲದಿಂದಲೂ ನರಿಯೆಂದರೆ ಕುಯುಕ್ತಿಯ ಮೂರ್ತಿ. ಹೀಗೆ ಶುಭಶಕುನವಾಗಿಯೂ ಕುಟಿಲತೆಯ ಗುರುತಾಗಿಯೂ ನಮ್ಮ ಮಾತಿನಲ್ಲಿ ಬಾಳುತ್ತಿರುವ ಈ ಪ್ರಾಣಿ ತನ್ನ ಹೊಟ್ಟೆಯೊಳಗೆ ಏನನ್ನು ಹೊತ್ತು ತಿರುಗುತ್ತದೆ ಎಂಬುದನ್ನು ನಾವು ಸಾಮಾನ್ಯವಾಗಿ ಯೋಚಿಸುವುದಿಲ್ಲ. ಪ್ರಕೃತ ಲೇಖನದಲ್ಲಿ ಆ ವಿಷಯವನ್ನು ನನ್ನ ಸಹಪಾಠಿಗಳ ಮುಂದೆ ಇಡಲು ಯತ್ನಿಸಿದ್ದೇನೆ.

ಚರಿತ್ರೆ, ಅರ್ಥಶಾಸ್ತ್ರಗಳನ್ನು ಓದುವ ಕಲಾ ವಿಭಾಗದ ವಿದ್ಯಾರ್ಥಿಗೆ ಹುಳುಗಳ ಗೊಡವೆ ಏಕೆ ಎಂದು ವಾಚಕರು ಕೇಳಬಹುದು. ಇದಕ್ಕೆ ಎರಡು ಉತ್ತರಗಳಿವೆ. ಮೊದಲನೆಯದು, ನಾನು ಲೊಕ್ಕನಹಳ್ಳಿಯ ಕಡೆಯವನು. ಕುರಿ, ಮೇಕೆ, ನಾಯಿ, ನರಿಗಳ ನಡುವೆಯೇ ಬೆಳೆದವನು. ಎರಡನೆಯದು, ಈ ಹುಳುವಿನ ಕಥೆಯನ್ನು ಓದುತ್ತ ಹೋದಂತೆ ಇದು ಅರ್ಧ ಪ್ರಾಣಿಶಾಸ್ತ್ರವಾದರೆ ಇನ್ನರ್ಧ ಸಮಾಜಶಾಸ್ತ್ರವೆಂದು ನನಗೆ ತೋರಿತು. ಹುಳು ಬದುಕುವುದು ಪ್ರಾಣಿಯ ಕರುಳಿನಲ್ಲಿ. ಆದರೆ ಅದು ಊರಿನಲ್ಲಿ ಉಳಿಯುವುದೂ ಅಳಿಯುವುದೂ ಮನುಷ್ಯರ ನಡವಳಿಕೆಯಿಂದ. ಇದನ್ನು ಮುಂದೆ ವಿವರಿಸುತ್ತೇನೆ.

ನಮ್ಮ ಸೀಮೆ

ಲೊಕ್ಕನಹಳ್ಳಿ ಬಿಳಿಗಿರಿರಂಗನ ಬೆಟ್ಟದ ಸಾಲಿಗೆ ಪೂರ್ವದಲ್ಲಿ ಮಲೆಮಹದೇಶ್ವರನ ಬೆಟ್ಟದ ಕಾಡಿಗೂ ಹತ್ತಿರವಾಗಿರುವ ಊರು. ಮೊದಲು ಕೊಳ್ಳೇಗಾಲ ತಾಲ್ಲೂಕಿಗೆ ಸೇರಿದ್ದ ಇದು ಈಗ ಹನೂರು ತಾಲ್ಲೂಕಿನಲ್ಲಿದೆ. ೧೯೫೬ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾಗುವವರೆಗೆ ಈ ಸೀಮೆಯೆಲ್ಲ ಮದರಾಸಿನ ಆಡಳಿತದಲ್ಲಿ ಕೊಯಮತ್ತೂರು ಜಿಲ್ಲೆಯ ಭಾಗವಾಗಿತ್ತು. ಬಿಳಿಗಿರಿರಂಗನ ಕಾಡು ೧೯೭೪ರಲ್ಲಿ ವನ್ಯಧಾಮವೂ ೨೦೧೧ರಲ್ಲಿ ಹುಲಿ ಸಂರಕ್ಷಿತ ಪ್ರದೇಶವೂ ಆಯಿತು. ಮಲೆಮಹದೇಶ್ವರ ವನ್ಯಧಾಮವು ೨೦೧೩ರಲ್ಲಿ ಘೋಷಿತವಾಯಿತು. ಹೀಗಾಗಿ ನಮ್ಮ ಹೊಲಗಳ ಬದುವಿಗೂ ಕಾಡಿನ ಅಂಚಿಗೂ ಅಂತರ ಬಹಳವಿಲ್ಲ. ಹಗಲು ನಮ್ಮ ಮಂದೆ ಮೇಯುವ ಹುಲ್ಲುಗಾವಲಿನಲ್ಲಿ ರಾತ್ರಿ ನರಿಗಳು ಓಡಾಡುತ್ತವೆ. ಊರ ನಾಯಿಗಳು ಎರಡು ಕಡೆಗೂ ಹೋಗಿಬರುತ್ತವೆ. ಈ ಕೊನೆಯ ಮಾತನ್ನು ವಾಚಕರು ನೆನಪಿನಲ್ಲಿಡಬೇಕಾಗಿ ಕೋರುತ್ತೇನೆ.

ನರಿ ಎಂಬ ಒಂದೇ ಹೆಸರಿನಲ್ಲಿ ನಾವು ಎರಡು ಬೇರೆ ಪ್ರಾಣಿಗಳನ್ನು ಕರೆಯುತ್ತೇವೆ. ಸಂಜೆಯಾದೊಡನೆ ಗುಂಪಾಗಿ ಊಳಿಡುವ, ತೋಳನ ಹತ್ತಿರದ ಬಂಧುವಾದ ದೊಡ್ಡ ನರಿ ಒಂದು. ಬಯಲಿನಲ್ಲಿ ಬಿಲ ತೋಡಿಕೊಂಡು ಇಲಿ, ಮಿಡತೆ, ಓತಿಕೇತ, ಬೋರೆಹಣ್ಣು ಮುಂತಾದವನ್ನು ತಿಂದು ಬದುಕುವ, ಬಾಲದ ತುದಿ ಕಪ್ಪಾಗಿರುವ ಸಣ್ಣ ನರಿ ಇನ್ನೊಂದು. ಗುಳ್ಳೆನರಿ ಎಂಬ ಹೆಸರು ಕೆಲವು ಕಡೆ ಮೊದಲನೆಯದಕ್ಕೂ ಕೆಲವು ಕಡೆ ಎರಡನೆಯದಕ್ಕೂ ಸಲ್ಲುವುದರಿಂದ ಗೊಂದಲವಾಗುತ್ತದೆ. ಆದುದರಿಂದ ಇಲ್ಲಿ ದೊಡ್ಡ ನರಿ, ಸಣ್ಣ ನರಿ ಎಂದೇ ಕರೆಯುತ್ತೇನೆ. ಸತ್ತ ದನಕುರಿಗಳ ಹತ್ತಿರ ಹೆಚ್ಚಾಗಿ ಬರುವುದು ದೊಡ್ಡ ನರಿ. ಆದುದರಿಂದ ನಮ್ಮ ಕಥೆಗೆ ಅದರ ಸಂಬಂಧವೇ ಹೆಚ್ಚು.

ಲಾಡಿಹುಳುವಿನ ಸ್ವರೂಪ

ಪಂಚೆಯ ಅಥವಾ ಲಂಗದ ಲಾಡಿಯಂತೆ ಚಪ್ಪಟೆಯಾಗಿ ಉದ್ದವಾಗಿರುವುದರಿಂದ ಇವಕ್ಕೆ ಲಾಡಿಹುಳು ಎಂಬ ಹೆಸರು ಬಂದಿದೆ. ಇವಕ್ಕೆ ಬಾಯಿಯಿಲ್ಲ, ಜಠರವಿಲ್ಲ, ಕರುಳಿಲ್ಲ. ಇನ್ನೊಬ್ಬರ ಕರುಳಿನಲ್ಲಿ ಜೀರ್ಣವಾಗಿ ಸಿದ್ಧವಾದ ರಸದಲ್ಲೇ ಮುಳುಗಿದ್ದು ಮೈಯೆಲ್ಲದರಿಂದ ಆಹಾರವನ್ನು ಹೀರಿಕೊಳ್ಳುವ ಜೀವಿಗೆ ಸ್ವಂತ ಜೀರ್ಣಾಂಗವೇಕೆ? ತಲೆಯಲ್ಲಿ ನಾಲ್ಕು ಹೀರುಬಟ್ಟಲುಗಳೂ ಅನೇಕ ಜಾತಿಗಳಲ್ಲಿ ಕೊಕ್ಕೆಗಳ ಬಳೆಯೂ ಇರುತ್ತವೆ. ಇವುಗಳಿಂದ ಕರುಳಿನ ಗೋಡೆಯನ್ನು ಕಚ್ಚಿಕೊಂಡು ಹುಳು ನೇತಾಡುತ್ತದೆ. ತಲೆಯ ಹಿಂದಿನಿಂದ ಒಂದೊಂದಾಗಿ ಕಣ್ಣಿಗಳು ಹುಟ್ಟುತ್ತ ಹೋಗುತ್ತವೆ. ಕೊನೆಯ ಕಣ್ಣಿಯು ಮೊಟ್ಟೆಗಳ ಚೀಲವೆಂದೇ ಹೇಳಬಹುದು. ಅದು ಕಳಚಿ ಮಲದೊಡನೆ ಹೊರಗೆ ಬೀಳುತ್ತದೆ.

ನಾಯಿ, ನರಿ, ತೋಳಗಳ ಕರುಳಿನಲ್ಲಿ ಅನೇಕ ಜಾತಿಯ ಲಾಡಿಹುಳುಗಳಿವೆ. ಒಂದು ಜಾತಿಯ ಮರಿಯು ಕುರಿಯ ಮಿದುಳಿನಲ್ಲಿ ನೀರುಗುಳ್ಳೆಯಾಗಿ ಬೆಳೆದು, ಕುರಿ ನಿಂತಲ್ಲೇ ಸುತ್ತು ತಿರುಗುವಂತೆ ಮಾಡುತ್ತದೆ. ಈ ಕಾಯಿಲೆಯನ್ನು ಅರಿಯದ ಕುರಿಗಾಹಿಯಿಲ್ಲ. ಇನ್ನೊಂದರ ಮರಿಯು ಕುರಿಯ ಹೊಟ್ಟೆಯ ಕೊಬ್ಬಿನ ಪೊರೆಯಲ್ಲಿ ತೆಳುವಾದ ನೀರಿನ ಚೀಲದಂತೆ ಜೋತಾಡುತ್ತದೆ. ಇದರಿಂದ ಮನುಷ್ಯನಿಗೆ ಅಪಾಯವಿಲ್ಲ. ಮತ್ತೊಂದು ಮೊಲದ ಒಡಲಿನಿಂದ ಬರುತ್ತದೆ. ಇವೆಲ್ಲಕ್ಕಿಂತ ಸಣ್ಣದಾದ, ಆದರೆ ಎಲ್ಲಕ್ಕಿಂತ ಹೆಚ್ಚು ಕೇಡು ಮಾಡುವ ಹುಳುವೊಂದಿದೆ. ಶಾಸ್ತ್ರಜ್ಞರು ಅದನ್ನು ಎಕಿನೊಕಾಕಸ್ ಗ್ರಾನ್ಯುಲೋಸಸ್ ಎಂದು ಕರೆಯುತ್ತಾರೆ. ಲಾಡಿಹುಳುಗಳಲ್ಲಿ ಹಲವು ಮೀಟರು ಉದ್ದದವೂ ಇರುವಾಗ ಇದರ ಉದ್ದ ಎರಡರಿಂದ ಏಳು ಮಿಲಿಮೀಟರು ಮಾತ್ರ, ಅಂದರೆ ಹೆಚ್ಚೆಂದರೆ ಒಂದು ಅಕ್ಕಿಕಾಳಿನಷ್ಟು. ಕಣ್ಣಿಗಳು ಸಾಮಾನ್ಯವಾಗಿ ಮೂರೋ ನಾಲ್ಕೋ. ಆದರೆ ಒಂದೇ ನಾಯಿಯ ಕರುಳಿನಲ್ಲಿ ಇಂಥವು ಸಾವಿರಾರು ಇರಬಹುದು. ಆಶ್ಚರ್ಯವೆಂದರೆ ಅಷ್ಟನ್ನು ಹೊತ್ತ ನಾಯಿಯು ಕಾಯಿಲೆಯ ಗುರುತನ್ನೇ ತೋರದೆ ಬಾಲವಾಡಿಸಿಕೊಂಡು ಓಡಾಡುತ್ತಿರುತ್ತದೆ.

ಎರಡು ಮನೆಯ ಬಾಳು

ಈ ಹುಳು ಬದುಕಲು ಎರಡು ಮನೆಗಳು ಬೇಕು. ಒಂದು ಮಾಂಸ ತಿನ್ನುವ ಪ್ರಾಣಿಯ ಕರುಳು. ಇನ್ನೊಂದು ಹುಲ್ಲು ತಿನ್ನುವ ಪ್ರಾಣಿಯ ಒಡಲು. ನಾಯಿಯ ಅಥವಾ ನರಿಯ ಮಲದೊಡನೆ ಹೊರಬಿದ್ದ ಮೊಟ್ಟೆಗಳು ಹುಲ್ಲಿಗೂ ನೀರಿಗೂ ಅಂಟಿಕೊಳ್ಳುತ್ತವೆ. ಬರಿಗಣ್ಣಿಗೆ ಕಾಣದಷ್ಟು ಸಣ್ಣದಾದ ಈ ಮೊಟ್ಟೆಗಳು ತಂಪಾದ, ತೇವವಿರುವ ನೆಲದಲ್ಲಿ ತಿಂಗಳುಗಟ್ಟಲೆ ಕೆಡದೆ ಇರುತ್ತವೆ. ಬಿರುಬಿಸಿಲಿಗೂ ಒಣಗಿಗೂ ಬೇಗ ಸಾಯುತ್ತವೆ. ಕುರಿಯೋ ಮೇಕೆಯೋ ದನವೋ ಹುಲ್ಲಿನೊಡನೆ ಅವನ್ನು ನುಂಗಿದರೆ, ಕರುಳಿನಲ್ಲಿ ಮೊಟ್ಟೆಯೊಡೆದು ಆರು ಕೊಕ್ಕೆಗಳ ಮರಿ ಹೊರಬರುತ್ತದೆ. ಅದು ಕರುಳನ್ನು ಕೊರೆದು ರಕ್ತದಲ್ಲಿ ಸೇರಿ ಯಕೃತ್ತಿಗೆ, ಅಂದರೆ ಮಾಂಸದಂಗಡಿಯಲ್ಲಿ ಈಲಿ ಎನ್ನುವ ಭಾಗಕ್ಕೆ, ಅಥವಾ ಅದನ್ನೂ ದಾಟಿ ಶ್ವಾಸಕೋಶಕ್ಕೆ ಹೋಗಿ ನೆಲೆಸುತ್ತದೆ. ಅಲ್ಲಿ ನಿಧಾನವಾಗಿ ನೀರು ತುಂಬಿದ ಗುಳ್ಳೆಯಾಗಿ ಬೆಳೆಯುತ್ತದೆ. ಇದೇ ಹೈಡ್ಯಾಟಿಡ್ ಗುಳ್ಳೆ. ಗುಳ್ಳೆಯ ಒಳಪದರದಲ್ಲಿ ಸಾವಿರಾರು ಎಳೆಯ ತಲೆಗಳು ಮೊಳೆಯುತ್ತವೆ. ಅವು ಕಳಚಿ ನೀರಿನ ತಳದಲ್ಲಿ ಸಣ್ಣ ಮರಳಿನಂತೆ ಕೂಡುತ್ತವೆ.

ಇಷ್ಟಾದರೂ ಆ ತಲೆಗಳು ಕುರಿಯೊಳಗೇ ಇದ್ದರೆ ಹುಳುವಾಗಲಾರವು. ಕುರಿ ಸತ್ತು ಅಥವಾ ಕೊಯ್ಯಲ್ಪಟ್ಟು ಅದರ ಈಲಿಯನ್ನೋ ಶ್ವಾಸಕೋಶವನ್ನೋ ನಾಯಿ, ನರಿ, ತೋಳಗಳಲ್ಲಿ ಒಂದು ತಿನ್ನಬೇಕು. ಆಗ ಒಂದೊಂದು ತಲೆಯೂ ಒಂದೊಂದು ಹುಳುವಾಗಿ ಆರೇಳು ವಾರಗಳಲ್ಲಿ ಮೊಟ್ಟೆಯಿಡಲು ತೊಡಗುತ್ತದೆ. ಹೀಗೆ ಚಕ್ರ ತಿರುಗುತ್ತದೆ. ಈ ಚಕ್ರದಲ್ಲಿ ಎಲ್ಲಿಯಾದರೂ ಒಂದು ಕೊಂಡಿ ಕಳಚಿದರೆ ಸಾಕು, ಹುಳುವಿನ ವಂಶವೇ ನಿಲ್ಲುತ್ತದೆ. ಕಾಡಿನಲ್ಲಿಯೂ ಇಂಥದೇ ಚಕ್ರ ನಡೆಯಬಲ್ಲುದು. ಜಿಂಕೆಯಂಥ ಗೊರಸಿನ ಪ್ರಾಣಿಗಳಲ್ಲಿ ಗುಳ್ಳೆ ಬೆಳೆಯುವುದುಂಟು, ಅವುಗಳ ಮಾಂಸ ತಿಂದ ತೋಳ ನರಿಗಳಲ್ಲಿ ಹುಳು ಬಲಿಯುವುದುಂಟು.

ಅರಿವು ಬಂದ ಬಗೆ

ಈ ಗುಳ್ಳೆಗಳು ಮನುಷ್ಯನಿಗೆ ಬಹು ಪ್ರಾಚೀನ ಕಾಲದಿಂದಲೂ ಗೊತ್ತು. ಯಕೃತ್ತಿನಲ್ಲಿ ನೀರು ತುಂಬಿ ಅದು ಒಡೆದರೆ ರೋಗಿ ಉಳಿಯನೆಂದು ಗ್ರೀಸಿನ ಹಿಪಾಕ್ರಟೀಸನ ಹೆಸರಿನ ಗ್ರಂಥಗಳಲ್ಲಿಯೇ ಹೇಳಿದೆ. ಆದರೆ ಅದು ಹುಳುವಿನ ಮರಿಯೆಂದು ತಿಳಿಯಲು ಎರಡು ಸಾವಿರ ವರ್ಷಗಳೇ ಬೇಕಾದವು. ೧೭೮೨ರಲ್ಲಿ ಜರ್ಮನಿಯ ಪಾದ್ರಿ ಗ್ಯೋಟ್ಸೆ ಎಂಬವನು ಗುಳ್ಳೆಯೊಳಗಿನ ಮರಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ಅವು ಲಾಡಿಹುಳುವಿನ ತಲೆಗಳಂತಿವೆ ಎಂದು ಗುರುತಿಸಿದನು. ಆದರೂ ಗುಳ್ಳೆ ಬೇರೆ, ಹುಳು ಬೇರೆ ಎಂಬ ಭಾವನೆ ಹೋಗಲಿಲ್ಲ. ೧೮೫೦ರ ಸುಮಾರಿನಲ್ಲಿ ಕ್ಯೂಷನ್‌ಮೈಸ್ಟರ್ ಎಂಬ ಜರ್ಮನ್ ವೈದ್ಯನು ಮೊಲದ ಒಡಲಿನ ಚೀಲಹುಳುಗಳನ್ನು ತೆಗೆದು ತಿನ್ನಿಸಿ ನೋಡಿದಾಗ ತಿಂದ ಪ್ರಾಣಿಯ ಕರುಳಿನಲ್ಲಿ ಬಲಿತ ಲಾಡಿಹುಳುಗಳು ದೊರೆತವು. ಅವನು ಆರಿಸಿಕೊಂಡಿದ್ದ ಪ್ರಾಣಿಗಳಲ್ಲಿ ನರಿಯೂ ಒಂದು. ಅದೇ ಕಾಲದಲ್ಲಿ ಫಾನ್ ಸೀಬೋಲ್ಡ್ ಎಂಬ ಪ್ರಾಣಿಶಾಸ್ತ್ರಜ್ಞನು ಕುರಿಯ ಹೈಡ್ಯಾಟಿಡ್ ಗುಳ್ಳೆಗಳನ್ನು ನಾಯಿಗಳಿಗೆ ತಿನ್ನಿಸಿ, ಆ ಅಕ್ಕಿಕಾಳಿನಂಥ ಹುಳುಗಳನ್ನು ಪಡೆದನು. ನರಿಗೂ ಮೊಲಕ್ಕೂ, ನಾಯಿಗೂ ಕುರಿಗೂ ಇರುವ ಈ ಗುಪ್ತ ಸಂಬಂಧ ಹೀಗೆ ಬಯಲಾಯಿತು.

ಮನುಷ್ಯನು ನಡುವೆ ಬಿದ್ದಾಗ

ಮನುಷ್ಯನು ಈ ಚಕ್ರಕ್ಕೆ ಸೇರಿದವನಲ್ಲ. ಅವನ ಈಲಿಯನ್ನು ನಾಯಿ ತಿನ್ನುವ ಸಂದರ್ಭವಿಲ್ಲವಾದ್ದರಿಂದ ಹುಳುವಿನ ದೃಷ್ಟಿಯಲ್ಲಿ ಅವನು ದಾರಿ ತಪ್ಪಿ ಹೊಕ್ಕ ಮುಚ್ಚಿದ ಬೀದಿ. ಆದರೆ ಮೊಟ್ಟೆಗೆ ಕುರಿಯೆಂಬ, ಮನುಷ್ಯನೆಂಬ ಭೇದ ತಿಳಿಯದು. ನಾಯಿಯ ಮೈ ಸವರಿದ ಕೈಯಿಂದ, ತೊಳೆಯದ ಸೊಪ್ಪಿನಿಂದ, ಕೊಳೆಯಾದ ನೀರಿನಿಂದ ಮೊಟ್ಟೆ ಹೊಟ್ಟೆಗೆ ಹೋದರೆ ಕುರಿಯಲ್ಲಿ ಆದುದೇ ಮನುಷ್ಯನಲ್ಲಿಯೂ ಆಗುತ್ತದೆ. ಹತ್ತು ಮಂದಿ ರೋಗಿಗಳಲ್ಲಿ ಸುಮಾರು ಏಳು ಮಂದಿಗೆ ಗುಳ್ಳೆ ಯಕೃತ್ತಿನಲ್ಲಿಯೂ ಇಬ್ಬರಿಗೆ ಶ್ವಾಸಕೋಶದಲ್ಲಿಯೂ ಕಾಣಿಸಿಕೊಳ್ಳುತ್ತದೆ. ಮಿದುಳು, ಮೂಳೆ, ಮೂತ್ರಪಿಂಡಗಳಲ್ಲಿ ಬರುವುದು ಅಪರೂಪ. ಇಲ್ಲಿ ಒಂದು ಮಾತನ್ನು ಸ್ಪಷ್ಟಪಡಿಸಬೇಕು: ಗುಳ್ಳೆಯಿರುವ ಕುರಿಯ ಮಾಂಸವನ್ನು ತಿಂದುದರಿಂದ ಮನುಷ್ಯನಿಗೆ ಈ ರೋಗ ಬರುವುದಿಲ್ಲ. ರೋಗ ಬರುವುದು ಮೊಟ್ಟೆಯಿಂದ. ಮೊಟ್ಟೆ ಬರುವುದು ನಾಯಿ ನರಿಗಳ ಮಲದಿಂದ.

ಆದುದರಿಂದಲೇ ಮಾಂಸವನ್ನೇ ಮುಟ್ಟದವರಿಗೂ ಇದು ಬರಬಹುದು. ನಮ್ಮ ಬಂಧುಗಳಲ್ಲಿ ಒಬ್ಬರು, ನನಗೆ ವರಸೆಯಲ್ಲಿ ಅತ್ತೆಯಾಗಬೇಕು, ನಾಯಿಯನ್ನು ಹೊಸ್ತಿಲೊಳಗೆ ಸೇರಿಸಿದವರಲ್ಲ. ಮಳೆ ಬಿದ್ದ ಮೇಲೆ ಹೊಲದ ಬದುಗಳಲ್ಲಿ ಬೆರಕೆ ಸೊಪ್ಪು ಕಿತ್ತು ತಂದು ಸಾರು ಮಾಡುವುದರಲ್ಲಿ ಅವರದು ಎತ್ತಿದ ಕೈ. ಸೊಪ್ಪನ್ನು ಬೇಯಿಸಿದರೆ ಮೊಟ್ಟೆ ಸಾಯುತ್ತದೆ, ನಿಜ; ಆದರೆ ಸೊಪ್ಪು ಬಿಡಿಸಿದ ಕೈ? ಅವರಿಗೆ ಬಲಪಕ್ಕೆಯ ಕೆಳಗೆ ಭಾರವೆನ್ನಿಸತೊಡಗಿ ಮೂರು ವರ್ಷ ಕಳೆದರೂ ಗ್ಯಾಸ್ಟ್ರಿಕ್ ಎಂದುಕೊಂಡೇ ದಿನ ದೂಡಿದರು. ಕೊನೆಗೆ ಮೈಸೂರಿನಲ್ಲಿ ಸ್ಕ್ಯಾನ್ ಮಾಡಿಸಿದಾಗ ಈಲಿಯಲ್ಲಿ ತೆಂಗಿನಕಾಯಿಯಷ್ಟು ಗುಳ್ಳೆ ಕಂಡಿತು. ಶಸ್ತ್ರಚಿಕಿತ್ಸೆಯಾಗಿ ಈಗ ಅವರು ಸುಖವಾಗಿದ್ದಾರೆ. ಆದರೆ ಆ ಖರ್ಚಿಗಾಗಿ ಎರಡು ಹಸುಗಳನ್ನು ಮಾರಬೇಕಾಯಿತು. ಅವರ ಹಿರಿಯ ಮಗಳು ಒಂದು ವರ್ಷ ಓದು ಬಿಟ್ಟು ಮನೆಯಲ್ಲಿ ನಿಂತಳು. ಸೋಂಕು ಎಂದು ತಗುಲಿತು, ಎಲ್ಲಿ ತಗುಲಿತು ಎಂದು ಹೇಳಬಲ್ಲವರು ಯಾರೂ ಇಲ್ಲ. ಗುಳ್ಳೆಯು ಐದು, ಹತ್ತು, ಇನ್ನೂ ಹೆಚ್ಚು ವರ್ಷ ಸದ್ದಿಲ್ಲದೆ ಬೆಳೆಯುತ್ತದೆ. ಕಾರಣಕ್ಕೂ ಕಾರ್ಯಕ್ಕೂ ನಡುವೆ ಇಷ್ಟು ದೀರ್ಘ ಕಾಲವಿರುವುದರಿಂದಲೇ ಹಳ್ಳಿಯ ಜನ ಇವೆರಡಕ್ಕೂ ಗಂಟು ಹಾಕಿ ನೋಡಲಾರರು.

ಈ ರೋಗದಲ್ಲಿ ದೊಡ್ಡ ಅಪಾಯವೆಂದರೆ ಗುಳ್ಳೆ ಒಳಗೇ ಒಡೆಯುವುದು. ಒಡೆದರೆ ಅದರ ನೀರು ದೇಹಕ್ಕೆ ವಿಷದಂತಾಗಿ ರೋಗಿ ಕ್ಷಣಮಾತ್ರದಲ್ಲಿ ಪ್ರಜ್ಞೆ ತಪ್ಪಬಹುದು, ಪ್ರಾಣವೂ ಹೋಗಬಹುದು. ಚೆಲ್ಲಿದ ಒಂದೊಂದು ತಲೆಯೂ ಹೊಸ ಗುಳ್ಳೆಯಾಗಬಹುದು. ಆದುದರಿಂದ ಹೊಟ್ಟೆಯಲ್ಲಿ ಗಡ್ಡೆಯಿದೆಯೆಂದು ತಿಕ್ಕಿಸುವುದು, ಬರೆ ಹಾಕಿಸುವುದು ತೀರ ಕೆಟ್ಟದ್ದು. ಈಗ ಅಲ್ಟ್ರಾಸೌಂಡ್ ಪರೀಕ್ಷೆಯಿಂದ ಗುಳ್ಳೆಯ ಅವಸ್ಥೆಯನ್ನು ತಿಳಿಯಬಹುದು. ಅವಸ್ಥೆಗೆ ತಕ್ಕಂತೆ ಆಲ್ಬೆಂಡಜೋಲ್ ಮಾತ್ರೆ ಕೊಡುವುದು, ಸೂಜಿಯಿಂದ ನೀರು ತೆಗೆದು ಔಷಧ ತುಂಬುವುದು, ಶಸ್ತ್ರಚಿಕಿತ್ಸೆ ಮಾಡುವುದು, ಸತ್ತ ಗುಳ್ಳೆಯಾದರೆ ಸುಮ್ಮನೆ ಗಮನಿಸುತ್ತಿರುವುದು, ಹೀಗೆ ವೈದ್ಯರಿಗೆ ಹಲವು ದಾರಿಗಳಿವೆ.

ಉತ್ತರ ದೇಶಗಳ ನರಿಹುಳು

ಈ ಹುಳುವಿಗೆ ಒಬ್ಬ ದಾಯಾದಿಯಿದ್ದಾನೆ. ಹೆಸರು ಎಕಿನೊಕಾಕಸ್ ಮಲ್ಟಿಲಾಕ್ಯುಲಾರಿಸ್. ಯೂರೋಪು, ಸೈಬೀರಿಯ, ಚೀನಾ, ಜಪಾನಿನ ಉತ್ತರ ಭಾಗ, ಅಲಾಸ್ಕ ಮುಂತಾದ ಶೀತಪ್ರದೇಶಗಳಲ್ಲಿ ಇದು ನರಿಯಲ್ಲಿ ಹುಳುವಾಗಿಯೂ ಹುಲ್ಲುಗಾವಲಿನ ಇಲಿಗಳಲ್ಲಿ ಮರಿಯಾಗಿಯೂ ಬಾಳುತ್ತದೆ. ಮನುಷ್ಯನ ಯಕೃತ್ತಿಗೆ ಸೇರಿದರೆ ಇದು ಒಂದು ಗುಳ್ಳೆಯಾಗಿ ನಿಲ್ಲದೆ, ಬೇರುಬಿಟ್ಟಂತೆ ಸುತ್ತಲೂ ಹಬ್ಬಿ ಅರ್ಬುದ ರೋಗದಂತೆ ಕೊಲ್ಲುತ್ತದೆ. ಟಿಬೆಟ್ ಪ್ರಸ್ಥಭೂಮಿಯಲ್ಲಿ ಈ ಎರಡು ಹುಳುಗಳ ಹಾವಳಿಯೂ ಲೋಕದಲ್ಲೇ ಹೆಚ್ಚಿನದೆಂದು ಹೇಳುತ್ತಾರೆ. ನಮ್ಮ ನೆರೆಯ ಒಡೆಯರಪಾಳ್ಯದಲ್ಲಿ ಎಪ್ಪತ್ತರ ದಶಕದಿಂದ ನೆಲೆಸಿರುವ ಟಿಬೆಟಿನವರ ಹಿರಿಯರು ಆ ನಾಡಿನಿಂದ ಬಂದವರು. ಆದರೆ ರೋಗ ಮನುಷ್ಯನಿಂದ ಮನುಷ್ಯನಿಗೆ ಅಂಟುವುದಿಲ್ಲ. ಅಲ್ಲಿನ ಶೀತವೂ ಅಲ್ಲಿನ ನರಿಯೂ ಇಲಿಯೂ ಇಲ್ಲಿಲ್ಲ. ಆದುದರಿಂದ ನೆರೆಯವರ ಮೇಲೆ ಸಂಶಯಕ್ಕೆ ಎಡೆಯಿಲ್ಲ. ನಮ್ಮ ಸೀಮೆಯ ಚಿಂತೆ ಏನಿದ್ದರೂ ಮೊದಲು ಹೇಳಿದ ಕುರಿ ನಾಯಿಗಳ ಹುಳುವಿನದು.

ಆದರೂ ಉತ್ತರದೇಶಗಳ ಅನುಭವದಿಂದ ನಾವು ಕಲಿಯಬೇಕಾದ ಪಾಠವಿದೆ. ಜಪಾನಿನ ಉತ್ತರದ ತುದಿಯ ರೆಬುನ್ ಎಂಬ ಚಿಕ್ಕ ದ್ವೀಪಕ್ಕೆ ೧೯೨೪ರಿಂದ ೧೯೨೬ರ ಅವಧಿಯಲ್ಲಿ ಕುರಿಲ್ ದ್ವೀಪಗಳಿಂದ ನರಿಗಳನ್ನು ತಂದು ಬಿಟ್ಟರು. ಇಲಿಗಳನ್ನು ಕೊಲ್ಲಲಿ, ಚರ್ಮದಿಂದ ಹಣವೂ ಬರಲಿ ಎಂಬುದು ಉದ್ದೇಶ. ನರಿಗಳೊಡನೆ ಹುಳುವೂ ಬಂತು. ಹತ್ತು ಹನ್ನೆರಡು ವರ್ಷಗಳಾದ ಮೇಲೆ ದ್ವೀಪದವರಲ್ಲಿ ರೋಗ ತೋರಿ, ಮುಂದಿನ ದಶಕಗಳಲ್ಲಿ ನೂರಕ್ಕೂ ಹೆಚ್ಚು ಜನ ಅದಕ್ಕೆ ತುತ್ತಾದರು. ಕೊನೆಗೆ ದ್ವೀಪದ ನರಿಗಳನ್ನೂ ನಾಯಿಗಳನ್ನೂ ಇಲ್ಲವಾಗಿಸಿ ಹುಳುವನ್ನು ತೊಲಗಿಸಿದರು. ನರಿಗಳನ್ನು ಕೊಂದರೆ ರೋಗ ಹೋಗುವುದಲ್ಲವೇ ಎಂದು ಇದರಿಂದ ಯಾರಾದರೂ ತೀರ್ಮಾನಿಸಬಹುದು. ಆದರೆ ಅದು ನಾಲ್ಕು ಕಡೆಯೂ ಸಮುದ್ರವಿದ್ದ ದ್ವೀಪ. ಫ್ರಾನ್ಸಿನ ನಾನ್ಸಿ ನಗರದ ಸುತ್ತಲಿನ ಬಯಲಿನಲ್ಲಿ ನರಿಗಳನ್ನು ನಾಲ್ಕು ವರ್ಷ ಕೊಲ್ಲುತ್ತ ಬಂದು ಪರೀಕ್ಷಿಸಿದರು. ಅದರ ಫಲ ೨೦೧೭ರಲ್ಲಿ ಪ್ರಕಟವಾಯಿತು. ನರಿಗಳ ಸಂಖ್ಯೆ ಕಡಿಮೆಯಾಗಲಿಲ್ಲ. ಸತ್ತವುಗಳ ಜಾಗಕ್ಕೆ ಬೇರೆ ಕಡೆಯಿಂದ ಎಳೆಯ ನರಿಗಳು ಬಂದು ಸೇರಿದವು. ಹುಳುವಿರುವ ನರಿಗಳ ಪ್ರಮಾಣ ಇಳಿಯುವ ಬದಲು ಏರಿತು. ಇಲಿ ಬಂತೆಂದು ಮನೆಗೆ ಬೆಂಕಿಯಿಟ್ಟಂಥ ಕೆಲಸವಿದು. ಇದಕ್ಕೆ ಪ್ರತಿಯಾಗಿ ಜರ್ಮನಿ, ಸ್ವಿಟ್ಸರ್ಲೆಂಡುಗಳಲ್ಲಿ ಪ್ರಾಜಿಕ್ವಾಂಟೆಲ್ ಎಂಬ ಹುಳುವಿನ ಔಷಧವನ್ನು ತಿಂಡಿಯಲ್ಲಿಟ್ಟು ನರಿಗಳ ದಾರಿಯಲ್ಲಿ ಎಸೆದಾಗ ಸೋಂಕು ಇಳಿದದ್ದು ಕಂಡುಬಂದಿದೆ.

ಕೊಡುವವರು ಯಾರು, ಪಡೆಯುವವರು ಯಾರು?

ಈಗ ನಮ್ಮ ಊರಿಗೆ ಬರೋಣ. ಕಳೆದ ರಜೆಯಲ್ಲಿ ನಾನು ಲೊಕ್ಕನಹಳ್ಳಿಯ ಸುತ್ತಮುತ್ತಲಿನ ಕುರಿಗಾಹಿಗಳನ್ನೂ ಮಾಂಸದಂಗಡಿಯವರನ್ನೂ ಮಾತನಾಡಿಸಿದೆ. ಈಲಿಯಲ್ಲಿ ನೀರುಗುಳ್ಳೆ ಕಂಡಿದ್ದೀರಾ ಎಂದರೆ ‘ಅಯ್ಯೋ, ಕಾಣ್ದೆ ಏನಪ್ಪ!’ ಎಂದರು. ಅದನ್ನು ಏನು ಮಾಡುತ್ತೀರಿ ಎಂದರೆ ಎಲ್ಲರದೂ ಒಂದೇ ಉತ್ತರ: ‘ನಾಯ್ಗೆ ಎಸಿತೀವಿ.’ ಊರಹಬ್ಬದಲ್ಲಿ ಒಂದೇ ದಿನ ಹತ್ತಾರು ಆಡು ಕುರಿಗಳು ಬಿದ್ದಾಗ, ಮನುಷ್ಯರು ತಿನ್ನದೆ ಬಿಟ್ಟುದೆಲ್ಲ ನಾಯಿಗಳ ಪಾಲು. ಮಂದೆಯಲ್ಲಿ ಕಾಯಿಲೆಯಿಂದ ಸತ್ತ ಕುರಿಯನ್ನು ಹೂಳುವವರು ವಿರಳ. ಹಳ್ಳದ ದಡಕ್ಕೆ ಎಸೆದು ಬರುತ್ತಾರೆ. ಸಂಜೆ ನಾಯಿ ತಿಂದು ಬಿಟ್ಟದ್ದನ್ನು ರಾತ್ರಿ ನರಿ ತಿನ್ನುತ್ತದೆ.

ಇದರ ಅರ್ಥವೇನು? ಕಾಡಿನ ನರಿಯು ನಮ್ಮ ಊರಿಗೆ ಹುಳುವನ್ನು ತಂದಿತೆನ್ನುವುದಕ್ಕಿಂತ, ನಮ್ಮ ಊರೇ ಹುಳುವನ್ನು ಕಾಡಿನ ನರಿಗೆ ಬಡಿಸುತ್ತಿದೆಯೆನ್ನುವುದು ಹೆಚ್ಚು ಸರಿ. ದೊಡ್ಡ ನರಿಯು ಈ ಹುಳುವಿಗೆ ಆಶ್ರಯವಾಗಬಲ್ಲುದೆಂಬುದು ಏಷ್ಯ, ಆಫ್ರಿಕಗಳಲ್ಲಿ ಕಂಡ ವಿಷಯ. ಆದರೆ ನರಿ ಮನೆಯಂಗಳಕ್ಕೆ ಬಂದು ಮಗುವಿನ ಕೈ ನೆಕ್ಕುವುದಿಲ್ಲ. ಹಿತ್ತಲಿನ ಸೊಪ್ಪಿನ ಮಡಿಯ ಮೇಲೆ ಮಲಗುವುದಿಲ್ಲ. ಅದನ್ನು ಮಾಡುವುದು ನಾಯಿ. ಹಗಲು ನಮ್ಮೊಡನೆ, ರಾತ್ರಿ ಕಾಡಿನಂಚಿನಲ್ಲಿ ಇರುವ ಊರನಾಯಿಯೇ ಎರಡು ಲೋಕಗಳಿಗೂ ಸೇತುವೆ. ಸೇತುವೆಯ ಮೇಲೆ ಸಂಚಾರ ಎರಡು ದಿಕ್ಕಿಗೂ ಉಂಟು. ಮಹಾರಾಷ್ಟ್ರದ ಸೊಲ್ಲಾಪುರದ ಹತ್ತಿರ ನನ್ನಜ್‌ನ ಹುಲ್ಲುಗಾವಲಿನಲ್ಲಿ ಸಣ್ಣ ನರಿಗಳನ್ನೂ ಸುತ್ತಲಿನ ಹಳ್ಳಿಗಳ ನಾಯಿಗಳನ್ನೂ ಪರೀಕ್ಷಿಸಿದ ಸಂಶೋಧಕರು, ಡಿಸ್ಟೆಂಪರಿನಂಥ ವೈರಾಣು ರೋಗಗಳ ಗುರುತು ನಾಯಿಗಳಲ್ಲಿ ಬಹಳ ಹೆಚ್ಚಾಗಿಯೂ ನರಿಗಳಲ್ಲಿ ಅದಕ್ಕಿಂತ ಕಡಿಮೆಯಾಗಿಯೂ ಇರುವುದನ್ನು ಕಂಡಿದ್ದಾರೆ. ಅದು ವೈರಾಣುಗಳ ಮಾತು, ಹುಳುವಿನದಲ್ಲ. ಆದರೂ ನಾಯಿ ನರಿಗಳು ಒಂದೇ ನೆಲದಲ್ಲಿ ಬಾಳುವಾಗ ರೋಗದ ದೊಡ್ಡ ಕಣಜ ಯಾವುದೆಂಬುದನ್ನು ಊಹಿಸಲು ಅದರಿಂದ ದಾರಿಯಾಗುತ್ತದೆ.

ಅಲ್ಲದೆ ನರಿಯಿಂದ ರೈತನಿಗೆ ಆಗುವ ಉಪಕಾರವನ್ನೂ ಮರೆಯಬಾರದು. ಹೊಲದ ಇಲಿ ಹೆಗ್ಗಣಗಳನ್ನು ಅದು ತಿನ್ನುತ್ತದೆ. ಕೊಳೆಯುವ ಹೆಣಗಳನ್ನು ಬರಿದು ಮಾಡುತ್ತದೆ. ನರಿಕೊಂಬಿನ ಆಸೆಗಾಗಿ ಅದನ್ನು ಕೊಲ್ಲುವ ಮೌಢ್ಯ ಇನ್ನೂ ಪೂರ್ತಿ ಹೋಗಿಲ್ಲ. ನರಿಗೆ ಕೊಂಬೆಂಬುದು ಇಲ್ಲವೇ ಇಲ್ಲವೆಂದು ಬೇರೆ ಹೇಳಬೇಕಾಗಿಲ್ಲ. ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಎರಡು ಬಗೆಯ ನರಿಗಳೂ ರಕ್ಷಿತ ಪ್ರಾಣಿಗಳು. ಈ ಹುಳುವಿನ ಸುದ್ದಿ ಅರ್ಧ ತಿಳಿದವರ ಕೈಯಲ್ಲಿ ನರಿಯನ್ನು ಕೊಲ್ಲಲು ಇನ್ನೊಂದು ನೆಪವಾಗಬಾರದೆಂಬುದೇ ನಾನು ಈ ಲೇಖನ ಬರೆಯಲು ಮುಖ್ಯ ಕಾರಣ.

ಐಸ್‌ಲೆಂಡಿನ ಪುಸ್ತಿಕೆ

ಇನ್ನು ಪರಿಹಾರದ ವಿಷಯ. ಹತ್ತೊಂಬತ್ತನೆಯ ಶತಮಾನದ ಮಧ್ಯದಲ್ಲಿ ಈ ರೋಗದಿಂದ ಲೋಕದಲ್ಲೇ ಹೆಚ್ಚು ನರಳುತ್ತಿದ್ದ ದೇಶ ಐಸ್‌ಲೆಂಡ್. ಅಲ್ಲಿನ ಜನ ಕುರಿ ಸಾಕಿಯೇ ಬದುಕುವವರು; ಮನೆಮನೆಗೆ ನಾಯಿಗಳು. ಆರೇಳು ಜನರಲ್ಲಿ ಒಬ್ಬನಿಗೆ ಗುಳ್ಳೆಯಿದೆಯೆಂದು ಆ ಕಾಲದ ಒಬ್ಬ ವೈದ್ಯನು ಅಂದಾಜು ಮಾಡಿದ್ದನು. ೧೮೬೩ರಲ್ಲಿ ಡೆನ್ಮಾರ್ಕಿನ ಹರಾಲ್ಡ್ ಕ್ರಾಬೆ ಎಂಬ ವಿದ್ವಾಂಸನು ಅಲ್ಲಿಗೆ ಹೋಗಿ ನಾಯಿಗಳ ಕರುಳನ್ನು ಪರೀಕ್ಷಿಸಿ ಕಾರಣವನ್ನು ಖಚಿತಪಡಿಸಿದನು. ಆ ಮೇಲೆ ಆತ ಮಾಡಿದ ಕೆಲಸ ಗಮನಾರ್ಹವಾದುದು. ಜನರಿಗೆ ಅರ್ಥವಾಗುವಂತೆ ಚಿಕ್ಕ ಪುಸ್ತಿಕೆಯೊಂದನ್ನು ಬರೆದನು. ೧೮೬೪ರಲ್ಲಿ ಅದನ್ನು ಅಚ್ಚುಮಾಡಿಸಿ ಮನೆಮನೆಗೆ ಉಚಿತವಾಗಿ ಹಂಚಿದರು. ದೀರ್ಘವಾದ ಚಳಿಗಾಲದ ಇರುಳುಗಳಲ್ಲಿ ಗಟ್ಟಿಯಾಗಿ ಓದುವ ಪದ್ಧತಿಯಿದ್ದ ಆ ನಾಡಿನಲ್ಲಿ ಓದು ಬಲ್ಲವರಿಗೆ ಕೊರತೆಯಿರಲಿಲ್ಲ. ಗುಳ್ಳೆಯಿರುವ ಭಾಗವನ್ನು ಸುಡಿರಿ ಅಥವಾ ಹೂಳಿರಿ, ನಾಯಿಗೆ ಹಾಕಬೇಡಿರಿ, ನಾಯಿಗಳನ್ನು ಮಿತಿಯಲ್ಲಿಡಿರಿ ಎಂಬುದೇ ಉಪದೇಶದ ಸಾರ. ೧೮೬೯ರಲ್ಲಿ ಮತ್ತು ೧೮೯೦ರಲ್ಲಿ ನಾಯಿಗಳ ವಿಷಯವಾಗಿ ಕಾನೂನುಗಳೂ ಬಂದವು. ಇಪ್ಪತ್ತನೆಯ ಶತಮಾನದ ಮಧ್ಯದ ಹೊತ್ತಿಗೆ ಮನುಷ್ಯರಲ್ಲಿ ಹೊಸ ಸೋಂಕು ಬಹುಮಟ್ಟಿಗೆ ನಿಂತೇಹೋಯಿತು. ಪ್ರಾಜಿಕ್ವಾಂಟೆಲ್ ಆಗಲಿ ಆಲ್ಬೆಂಡಜೋಲ್ ಆಗಲಿ ಆಗ ಇರಲಿಲ್ಲವೆಂಬುದನ್ನು ವಾಚಕರು ಗಮನಿಸಬೇಕು. ಗೆದ್ದದ್ದು ಅಕ್ಷರ, ಕಾನೂನು, ಮತ್ತು ಬದಲಾದ ರೂಢಿ. ನ್ಯೂಜಿಲೆಂಡ್ ೧೯೫೯ರಲ್ಲಿ ವಿಶೇಷ ಕಾಯಿದೆ ಮಾಡಿ, ನಾಯಿಗಳನ್ನು ಕ್ರಮವಾಗಿ ಪರೀಕ್ಷಿಸಿ, ೨೦೦೨ರಲ್ಲಿ ತಾನು ಈ ರೋಗದಿಂದ ಮುಕ್ತವೆಂದು ತಾತ್ಕಾಲಿಕವಾಗಿ ಘೋಷಿಸಿಕೊಂಡಿತು.

ಐಸ್‌ಲೆಂಡೂ ನ್ಯೂಜಿಲೆಂಡೂ ದ್ವೀಪಗಳು. ಕಾಡಿನ ಅಂಚಿನ ನಮ್ಮ ಸೀಮೆಗೆ ಅವರ ಪೂರ್ಣ ಫಲ ದೊರಕದೆ ಇರಬಹುದು. ಆದರೆ ಊರಿನ ಚಕ್ರವನ್ನು ನಿಲ್ಲಿಸಲು ಅಡ್ಡಿಯೇನಿಲ್ಲ. ಅದಕ್ಕೆ ಬೇಕಾದದ್ದು ಇಷ್ಟೆ.

ಒಂದನೆಯದು: ಗುಳ್ಳೆ ಕಂಡ ಈಲಿ, ಶ್ವಾಸಕೋಶಗಳನ್ನೂ ಸುತ್ತು ತಿರುಗಿ ಸತ್ತ ಕುರಿಯ ತಲೆ ಮಿದುಳುಗಳನ್ನೂ ನಾಯಿಗೆ ಹಾಕದೆ ಸುಡಬೇಕು, ಇಲ್ಲವೆ ನಾಯಿ ನರಿಗಳು ಕೆದಕಲಾಗದಷ್ಟು ಆಳಕ್ಕೆ ಹೂಳಬೇಕು. ನಾಯಿಗೆ ಹಾಕಲೇಬೇಕಾದರೆ ಚೆನ್ನಾಗಿ ಕುದಿಸಿ ಹಾಕಬೇಕು.

ಎರಡನೆಯದು: ಮಂದೆಯ ನಾಯಿಗೂ ಸಾಕುನಾಯಿಗೂ ಪಶುವೈದ್ಯರ ಸಲಹೆಯಂತೆ ಪ್ರಾಜಿಕ್ವಾಂಟೆಲ್ ಕೊಡಿಸಬೇಕು. ಹುಳು ಮೊಟ್ಟೆಯಿಡಲು ಆರೇಳು ವಾರ ಬೇಕಾಗುವುದರಿಂದ ಆರು ವಾರಕ್ಕೊಮ್ಮೆ ಕೊಟ್ಟರೆ ಮೊಟ್ಟೆ ಹೊರಬೀಳುವ ಮೊದಲೇ ಹುಳು ಸಾಯುತ್ತದೆ. ಔಷಧವು ಹುಳುವನ್ನು ಕೊಲ್ಲುತ್ತದೆಯೇ ಹೊರತು ಮೊಟ್ಟೆಯನ್ನಲ್ಲ. ಆದುದರಿಂದ ಔಷಧ ಕೊಟ್ಟ ಮೇಲೆ ಒಂದೆರಡು ದಿನದ ಮಲವನ್ನು ಹೂಳಬೇಕು.

ಮೂರನೆಯದು: ನಾಯಿಯನ್ನು ಮುಟ್ಟಿದ ಮೇಲೆ, ಮಣ್ಣಿನ ಕೆಲಸವಾದ ಮೇಲೆ, ಸೊಪ್ಪು ಬಿಡಿಸಿದ ಮೇಲೆ ಸೋಪು ಹಚ್ಚಿ ಕೈ ತೊಳೆಯಬೇಕು. ಹಸಿಯಾಗಿ ತಿನ್ನುವ ಸೊಪ್ಪು, ಮೂಲಂಗಿ, ಕ್ಯಾರೆಟ್ಟುಗಳನ್ನು ಎರಡು ಮೂರು ನೀರಿನಲ್ಲಿ ತೊಳೆಯಬೇಕು. ಮಕ್ಕಳಿಗೆ ಇದನ್ನು ಮೊದಲು ಕಲಿಸಬೇಕು.

ನಾಲ್ಕನೆಯದು: ಸತ್ತ ಕುರಿಯನ್ನು ಹಳ್ಳಕ್ಕೆ ಎಸೆಯುವ ಪದ್ಧತಿಯನ್ನು ಊರೊಟ್ಟಾಗಿ ಬಿಡಬೇಕು. ಹಬ್ಬದ ದಿನ ಒಂದು ಗುಂಡಿ ತೋಡಿಸುವುದು ಪಂಚಾಯಿತಿಗೆ ದೊಡ್ಡ ಖರ್ಚಲ್ಲ. ಒಂದು ಶಸ್ತ್ರಚಿಕಿತ್ಸೆಯ ಹಣದಲ್ಲಿ ಅಂಥ ಗುಂಡಿಗಳನ್ನು ಎಷ್ಟು ವರ್ಷ ತೋಡಿಸಬಹುದೆಂಬುದನ್ನು ಅರ್ಥಶಾಸ್ತ್ರದ ನನ್ನ ಗೆಳೆಯರು ಲೆಕ್ಕ ಹಾಕಿ ನೋಡಲಿ.

ಇವುಗಳಲ್ಲಿ ಯಾವುದಕ್ಕೂ ದೊಡ್ಡ ವಿದ್ಯೆ ಬೇಕಾಗಿಲ್ಲ. ಬೇಕಾದದ್ದು ತಿಳಿದವರು ತಿಳಿಯದವರಿಗೆ ಹೇಳುವುದು. ನಮ್ಮ ಕಾಲೇಜಿನಲ್ಲಿ ಕುರಿ ಮೇಕೆಗಳಿರುವ ಮನೆಗಳಿಂದ ಬಂದವರೇ ಅನೇಕರು. ವರ್ಷಕ್ಕೊಮ್ಮೆ ಸಮಾಜಸೇವಾ ಶಿಬಿರಕ್ಕೆ ಹಳ್ಳಿಗೆ ಹೋಗುತ್ತೇವೆ. ರಸ್ತೆ ಗುಡಿಸುತ್ತೇವೆ, ಗಿಡ ನೆಡುತ್ತೇವೆ. ಮುಂದಿನ ಶಿಬಿರಕ್ಕೆ ಎರಡು ಪುಟದ ಕನ್ನಡ ಕರಪತ್ರವೊಂದನ್ನು ನಾವೇ ಬರೆದು, ಅಧ್ಯಾಪಕರಿಂದಲೂ ಪಶುವೈದ್ಯರಿಂದಲೂ ತಿದ್ದಿಸಿ, ಮನೆಮನೆಯ ಜಗಲಿಯ ಮೇಲೆ ಕುಳಿತು ಓದಿ ಹೇಳಬಾರದೇಕೆ? ಓದಲು ಬಾರದ ಹಿರಿಯರಿಗೆ ಮೊಮ್ಮಕ್ಕಳು ಓದಿ ಹೇಳಲಿ. ಕ್ರಾಬೆಯ ಪುಸ್ತಿಕೆ ಆ ದೂರದ ಹಿಮದ ನಾಡಿನಲ್ಲಿ ಮಾಡಿದುದರಲ್ಲಿ ಹತ್ತರಲ್ಲೊಂದು ಪಾಲನ್ನು ಅದು ನಮ್ಮ ಕೊಳ್ಳೇಗಾಲ ಹನೂರು ಸೀಮೆಯಲ್ಲಿ ಮಾಡಿದರೂ, ಎಷ್ಟೋ ಮನೆಗಳ ಹಸುಗಳು ಕೊಟ್ಟಿಗೆಯಲ್ಲಿಯೇ ಉಳಿದಾವು, ಎಷ್ಟೋ ಹೆಣ್ಣುಮಕ್ಕಳು ತರಗತಿಯಲ್ಲಿಯೇ ಉಳಿದಾರು. ಕಾಡಿನಂಚಿನ ನರಿಯೂ ತನ್ನ ಪಾಡಿಗೆ ತಾನು ಊಳಿಟ್ಟುಕೊಂಡು ಬದುಕೀತು.